ಮುಸುಕಿನ ದೊರೆ ಯಾರ ಸೋದರಮಾವ?

ದೊಡ್ಡ ದೊಡ್ಡ ಸಂಶೋಧನೆಗಳಿಗೆಲ್ಲ ಪ್ರಯೋಗಾಲಯ ಬೇಕು ಎಂದು ತಿಳಿದವರು ನಮ್ಮ ಮನೆಗೆ ಬಂದಿಲ್ಲ. ನಮ್ಮನೆಯವರ ಸಂಶೋಧನೆ ನಡೆದದ್ದು ಹೊಳೆನರಸೀಪುರದ ನಮ್ಮ ಅಡುಗೆಮನೆಯ ಹೊಸ್ತಿಲಲ್ಲಿ, ನಾನು ದಂಟಿನ ಸೊಪ್ಪು ಬಿಡಿಸುತ್ತಿದ್ದಾಗ.

"ಗೊತ್ತಾಯ್ತು ಕಣೇ!" ಎಂದು ಎದ್ದರು. ಎದ್ದ ರಭಸಕ್ಕೆ ತಲೆ ಬಾಗಿಲಿಗೆ ಬಡಿಯಿತು. ಅದನ್ನು ಲೆಕ್ಕಕ್ಕೇ ಇಟ್ಟುಕೊಳ್ಳದೆ, "ಮುಸುಕಿನ ದೊರೆ ಯಾರು ಅಂತ ಗೊತ್ತಾಯ್ತು. ಅವನು ಆ ಹುಡುಗಿಯ ಸೋದರಮಾವ!" ಎಂದರು.

ತಿಳಿಯದವರಿಗೆ ಹೇಳುತ್ತೇನೆ. 'ಆಕಾಶವಂಶ' ಎನ್ನುವುದು ಹೊರದೇಶದ ಸಿನಿಮಾ, ಕನ್ನಡದಲ್ಲಿ ಮಾತಾಡಿಸಿದ್ದಾರೆ. ಐದು ಭಾಗ ಬಂದಿವೆ, ಆರನೆಯದು ದೀಪಾವಳಿಗೆ ಬರಲಿದೆ. ಗ್ರಹದಿಂದ ಗ್ರಹಕ್ಕೆ ನೌಕೆಗಳಲ್ಲಿ ಓಡಾಡುತ್ತಾರೆ, ಬೆಂಕಿ ಕಾರುತ್ತಾರೆ, ನಡುನಡುವೆ ಸಂಬಂಧಿಕರಾಗುತ್ತಾರೆ. ಏಳು ಲೋಕ ಆಳುವ ಒಬ್ಬ ದೊರೆ ಮುಖದ ಮುಸುಕನ್ನು ಊಟಕ್ಕೂ ತೆಗೆಯುವುದಿಲ್ಲ. ಇಲಾರಾ ಎಂಬ ಹುಡುಗಿ ಅವನ ವಿರುದ್ಧ ಹೋರಾಡುತ್ತಾಳೆ. ಅವಳ ತಂದೆಯನ್ನು ನೌಕೆಯಿಂದ ಕೆಳಗೆ ಉರುಳಿಸಿ ಹೋದವರು ಯಾರೆಂದೂ ಗೊತ್ತಿಲ್ಲ. ಆ ದೊರೆ ಯಾರು ಎಂಬುದೇ ಜಗತ್ತಿನ ಅಭಿಮಾನಿಗಳ ತಲೆನೋವು.

ನಮ್ಮನೆಯವರು, ಶಾಂತರಾಜು, ಒಂದು ಖಾಸಗಿ ಹೈಸ್ಕೂಲಿನಲ್ಲಿ ಗುಮಾಸ್ತರು. ಅಲ್ಲಿನ ಡ್ರಾಯಿಂಗ್ ಮೇಷ್ಟ್ರು ಸುದರ್ಶನ್, ನಮ್ಮನೆಯವರಿಗೆ ಐದೂ ಭಾಗ ತೋರಿಸಿ, ಹಾಸನದ ಅಭಿಮಾನಿಗಳ ವಾಟ್ಸಾಪ್ ಗುಂಪಿಗೆ ಸೇರಿಸಿದ್ದರು. ಅಲ್ಲಿ ಎಲ್ಲರೂ ಒಂದೊಂದು ಸಿದ್ಧಾಂತ ಮಂಡಿಸುತ್ತಾರಂತೆ. ನಮ್ಮನೆಯವರು ಸೇರಿದಾಗಿನಿಂದ ಬೆಳಿಗ್ಗೆ ಒಂದು ಶುಭೋದಯ ಹಾಕಿ ಸುಮ್ಮನಾಗುತ್ತಿದ್ದರು. ಅದು ಅವರನ್ನು ಒಳಗೇ ಕೊರೆಯುತ್ತಿತ್ತು.

"ಇಲಾರಾಳ ತಾಯಿ ಇರೋ ಗ್ರಹಕ್ಕೆ ವರ್ಷಕ್ಕೊಂದು ಸಲ ಒಂದು ಪುಟ್ಟ ನೌಕೆ ಬರುತ್ತೆ. ಒಳಗೆ ಯಾರೂ ಇರಲ್ಲ, ಏನೂ ಇರಲ್ಲ. ಬಾಗಿಲು ತೆಗೆಯುತ್ತೆ, ಮುಚ್ಚುತ್ತೆ, ವಾಪಸ್ ಹೋಗುತ್ತೆ," ಎಂದು ಸೊಪ್ಪಿನ ಮೊರವನ್ನೇ ನೌಕೆ ಮಾಡಿ ನನ್ನ ಮಡಿಲಿನಿಂದ ಹಾರಿಸಿದರು. "ಅಮೆರಿಕದೋರು ಬಾಂಬು ಅಂತಾರೆ, ಜಪಾನಿನೋರು ಗೂಢಚಾರ ಅಂತಾರೆ. ವರ್ಷಕ್ಕೊಂದು ಸಲ ಹೆಣ್ಣುಮಗಳ ಮನೆಬಾಗಿಲಿಗೆ ಬರೋದು ಏನು? ನೀನೇ ಹೇಳು."

"ಗೌರಿ ಬಾಗಿನ," ಎಂದೆ. ಸೊಪ್ಪು ನೆಲದಿಂದ ಆರಿಸುತ್ತಿದ್ದೆ, ಬಾಯಿಗೆ ಬಂದದ್ದು ಹೇಳಿಬಿಟ್ಟೆ.

"ಅದೇ! ಬಾಗಿನ ಕಳಿಸೋನು ಯಾರು? ಅಣ್ಣ! ಅಂದಮೇಲೆ ದೊರೆ ಆ ತಾಯಿಯ ಅಣ್ಣ, ಹುಡುಗಿಗೆ ಸೋದರಮಾವ. ಇಷ್ಟು ಸುಲಭದ್ದು ಒಬ್ಬರಿಗೂ ಹೊಳೀಲಿಲ್ಲವಲ್ಲ!"

ಆ ಸಂತೋಷದಲ್ಲಿ ಅವರು ಕನ್ನಡಕ ಹುಡುಕಲಿಲ್ಲ. ಅಭಿಮಾನಿಗಳ ಗುಂಪಿನ ಚಿತ್ರದಲ್ಲಿ ಹುಣ್ಣಿಮೆ ಚಂದ್ರ ಇದೆ. ನನ್ನ ತವರಿನ 'ನುಗ್ಗೇಹಳ್ಳಿ ಕುಟುಂಬ' ಗುಂಪಿನ ಚಿತ್ರದಲ್ಲಿ ತೀರಿಹೋದ ನಮ್ಮ ತಾತ ಚನ್ನಪ್ಪನವರು ಬಿಳಿ ರುಮಾಲು ಸುತ್ತಿ ನಿಂತಿದ್ದಾರೆ. ಆ ಪುಟ್ಟ ದುಂಡಗಿನ ಜಾಗದಲ್ಲಿ ರುಮಾಲು ಮಾತ್ರ ಕಾಣುತ್ತದೆ. ಬರಿಗಣ್ಣಿಗೆ ಎರಡೂ ಒಂದೇ ಗ್ರಹ.

ತಾತನ ರುಮಾಲಿನ ಕೆಳಗೆ ನಮ್ಮನೆಯವರು ಬರೆದದ್ದು ಇಷ್ಟು:

'ಬಂಧುಗಳೇ, ಇಷ್ಟು ದಿನ ಸುಮ್ಮನಿದ್ದೆ. ಇನ್ನು ಸುಮ್ಮನಿರಲಾರೆ. ಮುಸುಕು ಹಾಕಿಕೊಂಡು ನಮ್ಮನ್ನೆಲ್ಲ ಆಟ ಆಡಿಸುತ್ತಿರುವವನು ಬೇರೆ ಯಾರೂ ಅಲ್ಲ, ಹುಡುಗಿಯ ಸೋದರಮಾವ. ವರ್ಷಕ್ಕೊಮ್ಮೆ ತಂಗಿಗೆ ಬಾಗಿನ ಕಳಿಸಿದ ಹಾಗೆ ಮಾಡುತ್ತಾನೆ. ಒಳಗೆ ನೋಡಿದರೆ ಖಾಲಿ. ತಾನು ಬರುವುದಿಲ್ಲ, ಮುಖ ತೋರಿಸುವುದಿಲ್ಲ. ತಂಗಿಯ ಗಂಡನನ್ನು ಅವತ್ತು ಕೆಳಗೆ ಉರುಳಿಸಿ ಹಿಂದಿರುಗಿ ನೋಡದೆ ಹೋದವನೂ ಇವನೇ. ನನ್ನ ಹತ್ತಿರ ಸಾಕ್ಷಿ ಇದೆ. ದೀಪಾವಳಿಗೆ ಎಲ್ಲ ಬಯಲಾಗುತ್ತದೆ.'

ಇಲ್ಲಿ ನಮ್ಮ ಮನೆಯ ಎರಡು ವಿಷಯ ಹೇಳಬೇಕು. ನನ್ನ ಅಣ್ಣ ಮೋಹನ್‌ಕುಮಾರ್ ಪ್ರತಿ ಗೌರಿ ಹಬ್ಬಕ್ಕೂ ತಾನೇ ಬಾಗಿನ ತರುತ್ತಿದ್ದ. ಈ ವರ್ಷ ತೆಂಗಿನಕಾಯಿ ಕೀಳಿಸುವ ಕೆಲಸ ಬಿದ್ದು, ಬಸ್ಸಿನಲ್ಲಿ ಬರುವ ಪರಿಚಯದವರ ಕೈಲಿ ಕಳಿಸಿದ. ಚನ್ನರಾಯಪಟ್ಟಣದಲ್ಲಿ ಬಸ್ಸು ಬದಲಾಯಿಸುವಾಗ ಚೀಲ ಹರಿದು ಅಕ್ಕಿ, ಬೇಳೆ, ಬೆಲ್ಲ, ಬಳೆ ಎಲ್ಲ ಚೆಲ್ಲಿಹೋಗಿ ನನ್ನ ಕೈಗೆ ಸಿಕ್ಕಿದ್ದು ಬರೀ ಎರಡು ಮೊರ. ಅಣ್ಣನಿಗೆ ನೋವಾಗಬಾರದೆಂದು, ಎಲ್ಲ ಬಂತು ಎಂದು ಫೋನಿನಲ್ಲಿ ಹೇಳಿದ್ದೆ. ಇನ್ನೊಂದು, ಹೋದ ವರ್ಷ ನುಗ್ಗೇಹಳ್ಳಿಯಲ್ಲಿ ಅಣ್ಣನ ಬೈಕಿನ ಹಿಂದೆ ಕೂತಿದ್ದ ನಮ್ಮನೆಯವರು ರಸ್ತೆಯ ಉಬ್ಬಿನ ಮೇಲೆ ಉರುಳಿಬಿದ್ದಿದ್ದರು. ಅಣ್ಣ ಅದು ತಿಳಿಯದೆ, ದೇವಸ್ಥಾನದವರೆಗೂ ಭಾವಮೈದುನರ ಕಷ್ಟಸುಖ ಒಬ್ಬನೇ ಮಾತಾಡಿಕೊಂಡು ಹೋಗಿದ್ದ.

ಸಂದೇಶ ಹೋಗಿ ನಾನು ಒಲೆಗೆ ಬೇಳೆ ಇಡುವಷ್ಟರಲ್ಲಿ ಮೊದಲ ಉತ್ತರ ಬಂತು. ಅರಕಲಗೂಡಿನ ನನ್ನ ಸೋದರತ್ತೆ ಸುವರ್ಣಮ್ಮನದು, ಇವರ ಫೋನಿನಲ್ಲಿ ಅವರ ಹೆಸರು 'ಅರಕಲಗೂಡು' ಅಂತಷ್ಟೇ ಇದೆ: 'ಇದು ನಿಜವಾ?'

ನಮ್ಮನೆಯವರು ಫೋನನ್ನು ಕೈಯಷ್ಟು ದೂರ ಹಿಡಿದು, "ನೋಡೇ, ಅರಕಲಗೂಡಲ್ಲೂ ಒಬ್ಬರು ಅಭಿಮಾನಿ ಇದ್ದಾರೆ," ಎಂದು ಹಿಗ್ಗಿ, 'ನೂರಕ್ಕೆ ನೂರು' ಎಂದು ಬರೆದರು.

'ಇದು ಮನೆಯವಳಿಗೆ ಗೊತ್ತಾ?'

'ಅವಳೇ ಮೊದಲು ಬಾಗಿನ ಅಂತ ಬಾಯಿಬಿಟ್ಟಿದ್ದು.'

ಸ್ವಲ್ಪ ಹೊತ್ತಿಗೆ ಒಂದು ಸಾಲು ಮೂಡಿತು. "ಯಾರೋ ಮೋಹನ್‌ಕುಮಾರ್ ಅಂತೆ, ಗುಂಪು ಬಿಟ್ಟು ಹೋದ," ಎಂದರು, ಅಣ್ಣನನ್ನು ಭಾವ ಎಂದೇ ಕರೆದು ಹೆಸರೇ ಮರೆತಿದ್ದ ನಮ್ಮನೆಯವರು. "ಹೊಟ್ಟೆಕಿಚ್ಚು. ಒಳ್ಳೇ ಸಿದ್ಧಾಂತ ಬಂದಾಗ ಹೀಗೆಲ್ಲ ಆಗುತ್ತೆ."

ನಾನು ಸೌಟು ಕೆಳಗಿಟ್ಟು ಫೋನು ಕಿತ್ತುಕೊಂಡೆ. ಓದಿದೆ. ಕುಕ್ಕರ್ ಕೂಗಿತು. ಕೂಗಬೇಕಿದ್ದವಳು ನಾನು.

ಭಾನುವಾರ ನಮ್ಮ ಮಗಳು ಮೇಘಶ್ರೀಗೆ ಕಿವಿ ಚುಚ್ಚಿಸುವುದಿತ್ತು. ಮೂರನೇ ವರ್ಷದಲ್ಲಿ ಮಾಡಬೇಕಿದ್ದ ಶಾಸ್ತ್ರ ಒಂದಲ್ಲ ಒಂದು ಕಾರಣಕ್ಕೆ ತಪ್ಪಿ ಐದಕ್ಕೆ ಬಂದಿತ್ತು. ನಮ್ಮ ಕಡೆ ಕಿವಿ ಚುಚ್ಚುವಾಗ ಮಗು ಕೂರಬೇಕಾದ್ದು ಸೋದರಮಾವನ ತೊಡೆಯ ಮೇಲೆ. ಇರುವವನು ಒಬ್ಬನೇ ಸೋದರಮಾವ. ಅವನು ಈಗ ಮುಸುಕಿನ ದೊರೆಯಾಗಿ ಗುಂಪು ಬಿಟ್ಟು ಹೋಗಿದ್ದ.

ಅಣ್ಣನಿಗೆ ಫೋನು ಮಾಡಿದೆ. ಎತ್ತಿದ್ದು ನಮ್ಮಮ್ಮ ಸುಬ್ಬಮ್ಮ.

"ಅವ್ನು ತ್ವಾಟದಾಗೆ ಕುಂತವ್ನೆ ಕಣೆ ಕುಸ್ಮಿ. ಫೋನೂ ಬ್ಯಾಡ, ಊಟಾನೂ ಬ್ಯಾಡ ಅಂತಾನೆ. ಅಲ್ಲ ಕಣೆ, ಬಾಗ್ನ ಖಾಲಿ ಬಂದಿದ್ರೆ ನಂಗೊಂದ್ಮಾತು ಹೇಳ್ಬಾರ್ದಾ? ಹನ್ನೆಲ್ಡು ಜನಕ್ಕೆ ಕಾಣೋ ಅಂಗೆ ಬರಸ್ಬೇಕಾ?"

"ಅಮ್ಮ, ಅದು ಸಿನಿಮಾ..."

"ನಿನ್ ಸಿನ್ಮಾ ಮನೆ ಹಾಳಾಗ! ಇಲ್ಲಿ ನನ್ ಮಗ ಉಪಾಸ ಕುಂತವ್ನೆ, ನೀ ಸಿನ್ಮಾ ಅಂತೀಯ. ಭಾನ್ವಾರಕ್ಕೆ ಬರಕಿಲ್ವಂತೆ. ಖಾಲಿ ಕಳ್ಸೋನ್ ತೊಡೆ ಮ್ಯಾಲೆ ಮಗ ಯಾಕ್ ಕೂರುಸ್ತೀರ ಅಂತ ಕೇಳ್ದ."

ಫೋನಿಟ್ಟು ತಿರುಗಿದರೆ ಎದುರುಮನೆ ಹೊನ್ನಕ್ಕ ಬಾಗಿಲಲ್ಲಿದ್ದರು. ಅವರ ಮಗಳನ್ನು ಅರಕಲಗೂಡಿನಲ್ಲಿ ಸುವರ್ಣತ್ತೆಯ ಬೀದಿಗೇ ಕೊಟ್ಟಿದೆ. ಆ ಬೀದಿಯಿಂದ ಈ ಬೀದಿಗೆ ಸುದ್ದಿ ಬರಲು ಬಸ್ಸು ಬೇಕಿಲ್ಲ.

"ನಿಮ್ಮಣ್ಣ ಮಖಕ್ಕೆ ಬಟ್ಟೆ ಕಟ್ಕಂಡು ತಿರುಗ್ತಾನಂತಲ್ಲವ್ವ?" ಎಂದರು, ದನಿ ತಗ್ಗಿಸಿ. "ಪಾಪ, ಏನಾಗದೆ ಮಖಕ್ಕೆ? ಮದ್ದಿಗೆ ಹಳ್ಳಿಮೈಸೂರಿನ ತಾವ ಒಬ್ರವ್ರೆ..."

"ಅಣ್ಣನ ಮುಖಕ್ಕೆ ಏನೂ ಆಗಿಲ್ಲ ಹೊನ್ನಕ್ಕ."

"ಅಯ್ಯೋ, ನಾನೇನು ಯಾರ್ಗೂ ಹೇಳಕ್ಕಿಲ್ಲ ಬುಡು," ಎಂದು ಹೋದರು. ಅವರ ನಡಿಗೆಯ ಚುರುಕು ನೋಡಿದರೆ ಆ ಸಾಲಿನ ಕೊನೆಯ ಮನೆಯವರೆಗೂ ಯಾರಿಗೂ ಹೇಳದೆ ಬರುವಂತಿತ್ತು.

ಇಷ್ಟರಲ್ಲಿ ನಮ್ಮನೆಯವರು ಕನ್ನಡಕ ಹಾಕಿಕೊಂಡು ತಾತನ ರುಮಾಲು ಗುರುತು ಹಿಡಿದಿದ್ದರು. ಮುಖ ಬೆಂದ ಬದನೆಕಾಯಿ ಆಗಿತ್ತು. "ನಾನು ಮಾಡಿದ್ದು, ನಾನೇ ಸರಿ ಮಾಡ್ತೀನಿ," ಎಂದು ಬಾಗಿಲು ಹಾಕಿಕೊಂಡು ಕೂತು ಒಂದು ಸ್ಪಷ್ಟೀಕರಣ ಬರೆದರು. ನನಗೆ ತೋರಿಸಿ ಕಳಿಸಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು.

'ಯಾರೂ ತಪ್ಪು ತಿಳಿಯಬಾರದು. ನಾನು ಹೇಳಿದ ದೊರೆಗೂ ನಮ್ಮ ಭಾವನಿಗೂ ಯಾವ ಹೋಲಿಕೆಯೂ ಇಲ್ಲ. ದೊರೆ ಏಳು ಲೋಕ ಆಳುವವನು. ಸಾವಿರ ನೌಕೆಗಳ ಒಡೆಯ. ಅವನ ಹೆಸರು ಕೇಳಿದರೆ ಗ್ರಹಗಳು ನಡುಗುತ್ತವೆ. ಭಾವನ ಹೆಸರು ಕೇಳಿದರೆ ಯಾರು ನಡುಗುತ್ತಾರೆ?'

ಇದನ್ನು ಸುವರ್ಣತ್ತೆ ಪುಣ್ಯಕ್ಕೆಂದು, ಗುಂಪು ಬಿಟ್ಟು ಹೋಗಿದ್ದ ಅಣ್ಣನಿಗೆ ಫೋನು ಮಾಡಿ ಓದಿ ಹೇಳಿದರಂತೆ, ಒಂದಕ್ಷರವೂ ಬಿಡದೆ.

ಮರುದಿನ ನುಗ್ಗೇಹಳ್ಳಿಯ ಮೊದಲ ಬಸ್ಸಿಗೆ ದೇವಯ್ಯ ದೊಡ್ಡಪ್ಪ ಬಂದಿಳಿದರು. ಹಿಂದೆ ಪಂಚಾಯ್ತಿ ಚೇರ್ಮನ್ ಆಗಿದ್ದವರು, ನಮ್ಮ ಮನೆತನದ ಎಲ್ಲ ನ್ಯಾಯವನ್ನೂ ಅವರೇ ಮಾಡುವುದು. ಹೆಗಲ ಮೇಲಿನ ಟವೆಲ್ ಕೊಡವಿ ಕುರ್ಚಿಯಲ್ಲಿ ಕೂತರು. ಕಾಫಿ ಕುಡಿದರು. ಲೋಟ ಕೆಳಗಿಟ್ಟ ಮೇಲೆ ವಿಚಾರಣೆ.

"ಈಗ ಹೇಳಪ್ಪ ಶಾಂತ್ರಾಜು. ಅದ್ಯಾರೋ ದೊರೆ ಅಂತೀಯಲ್ಲ, ಯಾವೂರೋನು?"

"ಊರಲ್ಲ ದೊಡ್ಡಪ್ಪ, ಬೇರೆ ಗ್ರಹದೋನು. ಸಿನಿಮಾದಲ್ಲಿ ಬರ್ತಾನೆ."

"ಆ ಉಡ್ಗಿ?"

"ಅವಳೂ ಸಿನಿಮಾದೋಳೇ."

"ಸರಿ. ಅವ್ರವ್ರ ಮನೆ ವಿಸ್ಯ ಅವ್ರು ನೋಡ್ಕತಾರೆ. ಮಧ್ಯದಾಗೆ ನೀನ್ಯಾಕೋ ಹೋದೆ?"

ಅಭಿಮಾನಿ ಲೋಕವನ್ನು ಇಷ್ಟು ನೇರವಾಗಿ ಯಾರೂ ಪ್ರಶ್ನಿಸಿರಲಾರರು. ನಮ್ಮನೆಯವರು ಸಾಕ್ಷಿ ಎಂದು ಟಿ.ವಿ.ಯಲ್ಲಿ ಮೊದಲ ಭಾಗ ಹಾಕಿದರು. ದೊಡ್ಡಪ್ಪ ಕಣ್ಣು ಕಿರಿದು ಮಾಡಿ ನೋಡಿದರು. ನೌಕೆಗಳು ಬೆಂಕಿ ಉಗುಳುವಾಗ, "ಇಷ್ಟೊಂದು ಡೀಸೆಲ್ ದಂಡ," ಎಂದರು. ಇಲಾರಾ ಮನೆ ಬಿಟ್ಟು ಹೊರಟಾಗ ಟವೆಲಿನಿಂದ ಮೂಗು ಒರೆಸಿಕೊಂಡರು. ಕೊನೆಗೆ ತೀರ್ಪು ಕೊಟ್ಟರು.

"ತಪ್ಪು ಶಾಂತ್ರಾಜುದೇ. ಆದ್ರೆ ಕೆಟ್ಟ ಬುದ್ಧಿ ಅಲ್ಲ, ಬುದ್ಧಿ ಇಲ್ದೇ ಇರೋದು."

"ಹಂಗಾದ್ರೆ ಅಣ್ಣನಿಗೆ ನೀವೇ ಹೇಳಿ ದೊಡ್ಡಪ್ಪ," ಎಂದೆ.

"ನಾ ಹೇಳುದ್ರೆ ನಂಬ್ತಾನಾ? ನಿನ್ ಗಂಡನ್ ಕಡೆ ಕಾಫಿ ಕುಡ್ಕ ಬಂದವ್ನೆ ಅಂತಾನೆ. ಅವ್ನೇ ನೋಡ್ಬೇಕು."

ಅಮ್ಮನಿಗೆ ಮತ್ತೆ ಫೋನು ಮಾಡಿದೆ. "ಅಮ್ಮ, ಅವನ ಫೋನಿಗೆ ಆ ಸಿನಿಮಾದ ಐದೂ ಭಾಗ ಕಳಿಸಿದೀನಿ. ಬೈಕೊಂಡೇ ನೋಡಲಿ, ಆದರೆ ನೋಡಲಿ. ತಂಗಿ ಕೇಳಿಕೊಂಡಳು ಅನ್ನು." ಮರುದಿನ ಕೇಳಿದಾಗ ಅಮ್ಮ, "ತ್ವಾಟದಾಗೆ ಕಿವೀಗ್ ಏನೋ ಸಿಕ್ಕುಸ್ಕಂಡು ಕುಂತವ್ನೆ. ಕೂಗುದ್ರೆ ಕೈ ಆಡುಸ್ತಾನೆ," ಎಂದರು. ಅದು ಹೋಗು ಎಂದೋ, ಬರುತ್ತೇನೆ ಎಂದೋ, ಅಮ್ಮನಿಗೆ ತಿಳಿಯಲಿಲ್ಲ. ಶನಿವಾರ ನಾನು ಒಬ್ಬಟ್ಟಿನ ಹೂರಣ ರುಬ್ಬುತ್ತಿದ್ದರೂ ಕಿವಿ ಗೇಟಿನ ಕಡೆಗೇ ಇತ್ತು. ಯಾರೂ ಬರಲಿಲ್ಲ.

ಭಾನುವಾರ ಮನೆ ತುಂಬಿತು. ಅಮ್ಮ ದೊಡ್ಡಪ್ಪನ ಜೊತೆ ಬಂದರು, ಅಣ್ಣ ಇರಲಿಲ್ಲ. "ನೀವು ನಡೀರಿ ಅಂದ," ಎಂದಷ್ಟೇ ಹೇಳಿ ಒಳಗೆ ಹೋದರು. ಚಿನ್ನದ ತಂತಿ ತಂದ ಅಕ್ಕಸಾಲಿ ಆಚಾರ್ರು ಮಣೆಯ ಪಕ್ಕ ಕೂತು ಗಡಿಯಾರ ನೋಡುತ್ತಿದ್ದರು. "ರಾಹುಕಾಲ ನಾಕೂವರೆಗೆ. ಅಲ್ಲೀಗಂಟ ಕಾಯ್ತೀನಿ ಅಂತ ಅಲ್ಲ," ಎಂದರು. ಅರಿಸಿನ ಬಣ್ಣದ ಲಂಗ ಉಟ್ಟ ಮೇಘು, "ಮಾಮ ಬರ್ದೆ ನಾನು ಕೂರಲ್ಲ," ಎಂದು ಕಂಬ ತಬ್ಬಿಕೊಂಡಿದ್ದಳು.

"ಬಾ ಕಂದ, ನನ್ ತೊಡೆ ಮ್ಯಾಲೆ ಕೂತ್ಕೊ," ಎಂದು ದೇವಯ್ಯ ದೊಡ್ಡಪ್ಪ ಪಂಚೆ ಸರಿ ಮಾಡಿಕೊಂಡರು.

"ನೀನು ತಾತ ಆಗ್ಬೇಕು ಕಣಣ್ಣ, ಮಾವ ಹೆಂಗಾಯ್ತೀಯ?" ಎಂದು ಸುವರ್ಣತ್ತೆ ತಡೆದರು. "ಎಲ್ಲಾ ಸರ್ಯಾಗೇ ಆಗ್ಬೇಕು. ಮೊದ್ಲೇ ಆ ವಾಟ್ಸಾಪಿನಾಗೆ ಯಾರೋ ಏನೇನೋ ಓದಿ ಹೇಳಿ ಮನೆ ಮುರ್ದವ್ರೆ."

ಆ ಯಾರೋ ತಾವೇ ಎಂಬುದು ಅತ್ತೆಗೆ ಆ ಕ್ಷಣದಲ್ಲಿ ನಿಜವಾಗಿಯೂ ನೆನಪಿರಲಿಲ್ಲ. ನಮ್ಮನೆಯವರು ಗೋಡೆಯ ಕಡೆ ಮುಖ ಮಾಡಿ, ಅಲ್ಲಿಲ್ಲದ ಮೊಳೆಯೊಂದನ್ನು ಪರೀಕ್ಷಿಸುತ್ತಿದ್ದರು. ನಾನು ಒಬ್ಬಟ್ಟು ತಟ್ಟುವ ನೆಪದಲ್ಲಿ ಅಡುಗೆಮನೆಯಲ್ಲೇ ಉಳಿದೆ. ಒಬ್ಬಟ್ಟು ಯಾವುದೂ ದುಂಡಗಾಗಲಿಲ್ಲ.

ಗೇಟು ಸದ್ದಾಯಿತು. ಅಣ್ಣ ಬಂದ. ಕೂದಲು ಕೆದರಿತ್ತು, ಕಣ್ಣು ಕೆಂಡದ ಹಾಗೆ ಕೆಂಪಗಿತ್ತು. ನೇರ ನಮ್ಮನೆಯವರ ಎದುರಿಗೆ ಹೋಗಿ ನಿಂತ. ಹೊನ್ನಕ್ಕ ಹೊಡೆದಾಟ ಚೆನ್ನಾಗಿ ಕಾಣಲೆಂದು ಮಣೆಯ ಈಚೆಗೆ ಸರಿದರು.

"ಸೋದರಮಾವ ಅಲ್ಲ ಕಣ್ರೀ ಅವ್ನು!" ಎಂದು ಅಣ್ಣ ಗುಡುಗಿದ. "ಚಿಕ್ಕಪ್ಪ! ತಂದೆ ಕಡೆಯೋನು! ಐದೂ ಭಾಗ ನೋಡಿವ್ನಿ, ಮೂರ್ನೇದು ಎಲ್ಡು ಸಲ!"

ನಮ್ಮನೆಯವರು ಮೊಳೆ ಬಿಟ್ಟು ತಿರುಗಿದರು. ಕ್ಷಮೆ ಕೇಳಲು ಸಿದ್ಧ ಮಾಡಿಕೊಂಡಿದ್ದ ಮುಖ ಒಂದೇ ಕ್ಷಣದಲ್ಲಿ ಪಂಡಿತರ ಮುಖವಾಯಿತು. "ಚಿಕ್ಕಪ್ಪ ಹೇಗಾಗ್ತಾನೆ ಭಾವ? ಬಾಗಿನ?"

"ಹುಡ್ಗಿ ಎಲ್ಡ್ನೇ ಭಾಗದಾಗೆ ಹೊಳೇಗೆ ಬಿದ್ದಾಗ ದೊರೆ ದಡದ ಮ್ಯಾಲೆ ಕೈ ಕಟ್ಕಂಡು ನಿಂತವ್ನೆ. ಯಾವ ಸೋದರಮಾವ ಅಂಗೆ ನಿಂತ್ಕತಾನೆ? ಅಂಗೆ ನಿಂತ್ಕಳೋನು ದಾಯಾದಿ!"

"ನಿಂತಿದ್ದ, ಆದರೆ ಮುಸುಕಿನೊಳಗೆ ಅಳ್ತಿದ್ದ! ಭುಜ ಅಲುಗಾಡ್ತಿತ್ತು, ನೋಡಲಿಲ್ವಾ?"

"ಅದು ಗಾಳಿ ಕಣ್ರೀ!"

"ಆಕಾಶದಲ್ಲಿ ಎಲ್ಲಿಯ ಗಾಳಿ?"

"ಹೊಳೆ ಇರೋ ತಾವ ಗಾಳಿ ಇರಲ್ವೇನ್ರೀ? ನಿಮ್ಮೂರ ಹೊಳೆ ತಾವ ಹೋಗಿ ನೋಡಿ!"

ಹೀಗೆ ಕೂಗಾಡುತ್ತಲೇ ಅಣ್ಣ ಚಪ್ಪಲಿ ಬಿಟ್ಟ, ಕೈಕಾಲು ತೊಳೆದ, ಮಣೆಯ ಮೇಲೆ ಕೂತ, ಓಡಿಬಂದ ಮೇಘುವನ್ನು ತೊಡೆಗೆ ಎಳೆದುಕೊಂಡ. ಒಂದನ್ನೂ ಯೋಚಿಸಿ ಮಾಡಿದ ಹಾಗಿರಲಿಲ್ಲ. ಅವನ ಬಾಯಿ ದೊರೆಯ ಮೇಲಿತ್ತು, ಕೈ ತಾನಾಗಿ ಮಗುವಿನ ತಲೆ ಹಿಡಿದಿತ್ತು. ಅನುಭವಸ್ಥರಾದ ಆಚಾರ್ರು ಗಾಳಿಯ ವಿಷಯ ಇತ್ಯರ್ಥವಾಗುವ ಮೊದಲೇ ಎಡಗಿವಿ ಚುಚ್ಚಿ ತಂತಿ ತಿರುಗಿಸಿಬಿಟ್ಟರು.

ಆಮೇಲೆ ಮೇಘು ಕಿರುಚಿದ್ದು ಏಳು ಲೋಕಕ್ಕೂ ಕೇಳಿರಬೇಕು.

ವಾದ ನಿಂತಿತು. ಅಣ್ಣ ಅವಳನ್ನು ಎದೆಗೊತ್ತಿಕೊಂಡು, "ಆಯ್ತು ಕಣವ್ವ, ಆಯ್ತು ಕಣವ್ವ," ಎಂದು ಬೆನ್ನು ಸವರಿದ. ಸವರುತ್ತಲೇ ತಲೆಯೆತ್ತಿ, ಅಡುಗೆಮನೆ ಬಾಗಿಲಲ್ಲಿ ಹಿಟ್ಟಿನ ಕೈಯಲ್ಲಿ ನಿಂತಿದ್ದ ನನ್ನನ್ನು ನೋಡಿದ. ದನಿ ಇಳಿದಿತ್ತು.

"ತುಂಬೇ ಕಳ್ಸಿದ್ದೆ ಕಣೆ ಕುಸುಮ. ನಿಂಗಿಷ್ಟ ಅಂತ ಹಸ್ರು ಬಳೆ ಹುಡುಕಿ ತಂದಿದ್ದೆ."

"ಗೊತ್ತಣ್ಣ," ಎಂದೆ. "ನೀನು ಬಾರದೆ ಇದ್ದದ್ದೊಂದೇ ಕಡಿಮೆಯಾಗಿತ್ತು."

ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. ಸುವರ್ಣತ್ತೆ ಅದಕ್ಕಿಂತ ಜೋರಾಗಿ ಒರೆಸಿಕೊಂಡರು. ನಮ್ಮನೆಯವರು ಬಂದು ಅಣ್ಣನ ಪಕ್ಕದಲ್ಲಿ ಕೂತು, "ತಪ್ಪಾಯ್ತು ಭಾವ," ಎಂದರು. ಎಲ್ಲವೂ ಚೆನ್ನಾಗಿ ಮುಗಿಯುವಂತಿತ್ತು, ಒಂದು ಕಿವಿ ಉಳಿದದ್ದು ಬಿಟ್ಟು.

ಮೇಘು ಬಲಗಿವಿಯನ್ನು ಎರಡೂ ಕೈಯಲ್ಲಿ ಮುಚ್ಚಿಕೊಂಡು ಅಣ್ಣನ ಎದೆಯಲ್ಲಿ ಮುಖ ಹುದುಗಿಸಿದ್ದಳು. ಬೆಲ್ಲ ತೋರಿಸಿದೆವು, ಗೊಂಬೆ ಕೊಡಿಸುತ್ತೇವೆಂದೆವು. ಕೈ ತೆಗೆಯಲಿಲ್ಲ. ಆಚಾರ್ರು ಗಡಿಯಾರ ನೋಡಿ, "ಆವಾಗ ಜಗಳ ಆಡ್ತಿದ್ರಲ್ಲ, ಮಗ ಅದ್ನೇ ನೋಡ್ತಾ ಮೈಮರ್ತಿತ್ತು. ಇನ್ನೊಂದು ಸ್ವಲ್ಪ ಆಡಿ ಸಾ," ಎಂದು ಕೇಳಿಕೊಂಡರು.

"ಆಡ್ರಪ್ಪ," ಎಂದರು ಅಮ್ಮ.

ನಮ್ಮನೆಯವರು ಗಂಟಲು ಸರಿ ಮಾಡಿಕೊಂಡರು. "ಅದು ಭಾವ... ನೀವು ಹೇಳಿದ್ದೇ ಸರಿ ಅನ್ಸುತ್ತೆ. ಚಿಕ್ಕಪ್ಪನೇ ಇರಬೇಕು."

"ಛೆ ಛೆ, ನೀವು ಓದ್ದೋರು. ಸೋದರಮಾವನೇ ಇರ್ಬೇಕು ಬುಡಿ."

"ಇಲ್ಲ ಇಲ್ಲ, ನೀವು ಮೂರನೇದು ಎರಡು ಸಲ ನೋಡಿದ್ದೀರ."

"ನೀವು ಮೊದ್ಲಿಂದ ನೋಡ್ಕ ಬಂದಿದ್ದೀರ."

"ಥೂ, ಜಗಳ ಆಡ್ರಯ್ಯ ಅಂದ್ರೆ ಬೀಗರಂಗೆ ಉಪಚಾರ ಮಾಡ್ತಾ ಕುಂತವ್ರೆ!" ಎಂದು ಹೊನ್ನಕ್ಕ ರೇಗಿದರು.

ಆಗ ಕುರ್ಚಿಯಲ್ಲಿ ಇಷ್ಟು ಹೊತ್ತು ಗಡ್ಡ ಕೆರೆದುಕೊಳ್ಳುತ್ತಿದ್ದ ದೇವಯ್ಯ ದೊಡ್ಡಪ್ಪ ಕೆಮ್ಮಿದರು. ಅವರು ನೋಡಿದ್ದು ಮೊದಲ ಭಾಗ ಒಂದೇ.

"ಅದೆಲ್ಲಾ ಇರ್ಲಿ ಕಣ್ರಯ್ಯ. ನಾನ್ ನೋಡ್ದಂಗೆ ಆ ಉಡ್ಗಿ ಕಿವೀಲಿ ಬಿಳೇ ಹರಳಿನ ಓಲೆ ಅವೆ. ಅದ್ನ ಚುಚ್ಚುವಾಗ ಅವ್ಳು ಯಾರ್ ತೊಡೆ ಮ್ಯಾಲೆ ಕುಂತಿದ್ಲು?"

ನಮ್ಮನೆಯವರ ಬಾಯಿ ತೆರೆದದ್ದು ಹಾಗೇ ಉಳಿಯಿತು. ಅಣ್ಣ ಛಾವಣಿ ನೋಡುತ್ತ ಐದು ಭಾಗವನ್ನೂ ಮನಸ್ಸಿನಲ್ಲಿ ಮೊದಲಿಂದ ಓಡಿಸತೊಡಗಿದ. ಹೊನ್ನಕ್ಕ ಕೂಡ ಬೆರಳನ್ನು ಗಲ್ಲಕ್ಕಿಟ್ಟುಕೊಂಡರು. ಅಮೆರಿಕದವರಿಗೂ ಜಪಾನಿನವರಿಗೂ ಹೊಳೆಯದ ಪ್ರಶ್ನೆ ಅದು. ಮೇಘು ಬಿಕ್ಕುವುದನ್ನು ನಿಲ್ಲಿಸಿದಳು, ಮುಖ ಹೊರಗೆ ತೆಗೆದಳು, ತಾತನನ್ನು ಸರಿಯಾಗಿ ನೋಡಲು ಕೈ ಕೆಳಗಿಳಿಸಿ ಕತ್ತು ತಿರುಗಿಸಿದಳು. ಬಲಗಿವಿ ಆಚಾರ್ರ ಮೂಗಿನ ನೇರಕ್ಕೆ ಬಂತು.

ಆಚಾರ್ರು ಒಂದು ಕ್ಷಣವನ್ನೂ ದಂಡ ಮಾಡಲಿಲ್ಲ.

"ಆಯ್," ಎಂದಳು ಮೇಘು, ಅಷ್ಟೇ. ಅವಳಿಗೆ ಅಳುವುದಕ್ಕಿಂತ ಮುಖ್ಯವಾದ ಕೆಲಸವಿತ್ತು. ಅಣ್ಣನ ಗದ್ದ ಹಿಡಿದು ತನ್ನ ಕಡೆ ತಿರುಗಿಸಿಕೊಂಡು, "ಯಾರ ತೊಡೆ ಮಾಮ?" ಎಂದು ಕೇಳಿದಳು.

"ಅದು ಆರ್ನೇ ಭಾಗದಾಗೇ ಗೊತ್ತಾಗ್ಬೇಕು ಕಣವ್ವ," ಎಂದ ಅಣ್ಣ, ಅವಳ ಕಿವಿಯ ಮೇಲೆ ಮೆಲ್ಲಗೆ ಊದುತ್ತ. "ದೀಪಾವಳಿಗೆ ನಾನೇ ಬತ್ತೀನಿ. ಇಬ್ರೂ ಹೋಗಿ ನೋಡ್ಕಂಡು ಬರಾನ. ನಿಮ್ಮಪ್ಪನೂ ಬರ್ಲಿ, ಆದ್ರೆ ಬಾಯಿ ಮುಚ್ಕಂಡು ಕೂತ್ಕಬೇಕು."